ಅಕ್ಕ, ತಂಗಿ

ಸಂತೆಹೊಂಡದ ಹಿಂದಿನ ಓಣಿ, ಮಹಡಿ ಮೇಲೆ
ಪಾಲಯ್ಯನ ಸ್ಟುಡಿಯೋ. ಕೆಳಗೆ ಮಿರ್ಚಿ ಬಂಡಿ.
ಎಣ್ಣೆ ಘಾಟು ಮೆಟ್ಟಿಲು ಹತ್ತಿ ಬಂದು
ಸಿಪಿಯು ಒಳಗೂ ಮನೆ ಮಾಡಿದೆ.
ಪಕ್ಕದ ತಗಡು ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ
ಹತ್ತು ವರ್ಷದ ಲಗ್ನಗಳ ಜಿಡ್ಡು.

ಹಳೇ ಡಿಸ್ಕು ಹಲ್ಲಿಯ ಹಾಗೆ ಲೊಚಗುಟ್ಟುತ್ತಿತ್ತು.
ಹೊಸವು ಎರಡು ತಂದಿದ್ದ, ನಾಲ್ಕು ನಾಲ್ಕು ಟಿಬಿ.
"ಕೂಡಿಸಿಬಿಡು ಜಬೀನಕ್ಕ, ಎಂಟಾಗ್ಲಿ.
ಈಗ ಎಲ್ರಿಗೂ ಡ್ರೋನ್ ಬೇಕು, ಜಾಗ ಸಾಲ್ತಿಲ್ಲ."

ಕೂಡಿಸಬಹುದು. ಓಟವೂ ಜೋರು.
ಆದರೆ ಪ್ರತಿ ಚಿತ್ರವನ್ನೂ ಸೀಳಿ
ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಇಡುತ್ತದೆ:
ತಾಳಿ ಒಂದು ಕಡೆ, ಕೊರಳು ಒಂದು ಕಡೆ.
ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಕೂತರೆ
ಇನ್ನೊಂದು ಎಲ್ಲಿಗೆ ಹೋದೀತು, ಪಾಲಯ್ಯ?

"ಮತ್ತೇನ್ ಮಾಡ್ತೀಯ?"
"ಕನ್ನಡಿ. ಕೋಟೆ ಮೇಲೆ ಅಕ್ಕ ತಂಗಿ ಹೊಂಡ ಇಲ್ವಾ,
ಅಕ್ಕನಿಗೆ ಬಂದಿದ್ದು ತಂಗಿಗೂ."
"ಎಂಟರ ದುಡ್ಡು ಕೊಟ್ಟು ನಾಲ್ಕು ತಗೊಂಡಂಗಾತು."
"ಇನ್ನು ನಾಲ್ಕು ನಿನ್ನ ನಿದ್ದೆಗೆ."
ತಲೆ ಕೆರೆದುಕೊಂಡ. ಚಹಾ ಹೇಳಿದ. ಅಂದರೆ ಒಪ್ಪಿಗೆ.

ಸ್ಕ್ರೂಗಳನ್ನು ಚಹಾದ ಮುಚ್ಚಳದಲ್ಲಿ ಎಣಿಸಿಟ್ಟೆ.
ಕೆಂಪು ಕೇಬಲ್ಲು, ಕಪ್ಪು ಕೇಬಲ್ಲು.
ತುಂಬಿದ ಡಿಸ್ಕಿಗೆ ಗುರುತು ಹಾಕಲು ಪೆನ್ನು ಕೇಳಿದೆ;
ಪೆನ್ನಿನಲ್ಲಿ ಇಂಕಿಲ್ಲ. ಲಕ್ಷ್ಮಿ ಫೋಟೋದ ಕೆಳಗಿನ
ಬಟ್ಟಲಿಂದ ಕುಂಕುಮ ತಂದು ಅವನೇ ಒತ್ತಿದ.
ನಗಬೇಡಿ. ಹೊಳಲ್ಕೆರೆಯ ಒಂದು ಶಾಲೆಯಲ್ಲಿ ನಾನು
ದಿಕ್ಕು ತಪ್ಪಿ ಖಾಲಿಯನ್ನು ತುಂಬಿದ್ದರ ಮೇಲೆ ಬರೆದಿದ್ದೆ.
ಖಾಲಿಗೆ ಎರಡು ಪ್ರತಿಯಾಯಿತು.
ಹೆಡ್‌ಮಿಸ್ಟ್ರೆಸ್ ಬೈಯಲಿಲ್ಲ, ನೀರು ಕೊಟ್ಟರು.
ಆಮೇಲೆ ಎರಡು ವರ್ಷ ಆ ಬಸ್ಸು ಹತ್ತಿಲ್ಲ ನಾನು.

ರಾತ್ರಿಯೆಲ್ಲ ಶೇಕಡಾ ತೆವಳಿತು.
ನಲವತ್ತೊಂದರಲ್ಲಿ ಕರೆಂಟು ಹೋಗಿ
ಯುಪಿಎಸ್ಸು ಎಳೆಗೂಸಿನ ಹಾಗೆ ಕೂಗಿತು.
ಜೋಗಿಮಟ್ಟಿ ಕಡೆಯ ಗಾಳಿ ಕಿಟಕಿಯಲ್ಲಿ.
ಬೆಳಗಿಗೆ ನೂರು.
ಕುಂಕುಮದ್ದನ್ನು ನನ್ನ ಕೈಗಿಟ್ಟ: "ಎಲ್ಲಾದ್ರೂ ಎಸಿ."

ಶ್ರಾವಣ ಕಳೆದ ಮೇಲೆ ಫೋನು.
ಚಳ್ಳಕೆರೆಯಿಂದ ಒಬ್ಬಳು ಬಂದಿದ್ದಾಳಂತೆ, ಸರ್ವಮಂಗಳ,
ತನ್ನ ಮದುವೆ ಅಳಿಸಿ ಅನ್ನುತ್ತಾಳಂತೆ.
"ಅಕ್ಕನಲ್ಲಿ ಅಳಿಸಿದ್ರೆ ತಂಗಿ ಇಟ್ಕೊಂಡಿರ್ತಾಳೇನೇ?"
ಇಲ್ಲ ಅಂದೆ. ಎದುರಿನಿಂದ ಎದ್ದು ಹೋದವರನ್ನು
ಯಾವ ಕನ್ನಡಿ ಇಟ್ಟುಕೊಂಡಿದೆ?
ಗುಂಡಿ ಅವಳೇ ಒತ್ತಿದಳಂತೆ.
ಎರಡು ದೀಪ ಒಟ್ಟಿಗೆ ಮಿಣುಕಿದವಂತೆ.
"ಇಷ್ಟೇನಾ?" ಅಂದು ಸ್ವಲ್ಪ ಹೊತ್ತು ಕೂತಿದ್ದು
ಕೆಳಗಿಳಿದು ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಹೋದಳಂತೆ.

ನಾನು ಎಸೆದಿರಲಿಲ್ಲ.
ಅಂಗಡಿಯ ಕೆಳ ಖಾನೆಯಲ್ಲಿ, ಸತ್ತ ಮೌಸುಗಳ ನಡುವೆ,
ಕುಂಕುಮ ಅಂಟಿಸಿಕೊಂಡು ಅದು ಮಲಗಿತ್ತು;
ಅದರೊಳಗೆ ಅವಳು, ಅರಿಶಿನ ಕೆನ್ನೆ,
ಅಕ್ಷತೆಗೆ ಅರ್ಧ ಮುಚ್ಚಿದ ಕಣ್ಣು.
ತೆರೆದು ನೋಡಬಹುದಿತ್ತು. ಕೇಬಲ್ಲು ಕೈಯಲ್ಲೇ ಇತ್ತು.

ಉಳಿದವರಿಗೆ ಅಕ್ಕ ತಂಗಿ ಇದ್ದಾರೆ ಅಂದುಕೊಂಡು
ಸ್ಕ್ರೂಡ್ರೈವರ್ ತೆಗೆದುಕೊಂಡೆ.
ಆರು ಸ್ಕ್ರೂ; ಲೇಬಲ್ಲಿನ ಅಡಿ ಅಡಗಿದ್ದು ಇನ್ನೊಂದು.
ಮುಚ್ಚಳ ಎದ್ದಿತು.
ಒಳಗಿನ ತಟ್ಟೆ, ಯಾರೂ ಮುಖ ನೋಡಿರದ ಕನ್ನಡಿ,
ಟ್ಯೂಬ್‌ಲೈಟನ್ನೂ ನನ್ನನ್ನೂ ಹಿಡಿಯಿತು.
ಒಂದು ಕ್ಷಣ ತಡೆದು
ಹೆಬ್ಬೆರಳು ಊರಿದೆ.