ಹದಿನಾಲ್ಕು

ಎಂಬಿಎ ಮುಗಿಸಿದ ವರ್ಷ ನನಗೆ ಗೊತ್ತಿದ್ದ ನೀರಿನ ಲೆಕ್ಕ
ನಲ್ಲಿ ವಾರಕ್ಕೊಮ್ಮೆ ಬರುತ್ತದೆ ಅನ್ನುವುದಷ್ಟೇ.
ಕಾಳಿನೊಳಗೂ ನೀರಿರುತ್ತದೆ, ಅದಕ್ಕೂ ದುಡ್ಡು ಮುರಿಯುತ್ತಾರೆ
ಎಂದು ತಿಳಿದದ್ದು ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ,
ಕಲ್ಲಪ್ಪ ದಲಾಲರ ಮಂಡಿಯಲ್ಲಿ ಲೆಕ್ಕ ಬರೆಯಲು ಕೂತ ಮೊದಲ ವಾರ.

ಹಮಾಲಿ ದುರುಗಪ್ಪ ಮೆಕ್ಕೆಜೋಳದ ರಾಶಿಗೆ ಕೈ ಹಾಕುತ್ತಾನೆ
ಮೊಣಕೈವರೆಗೆ, ಎಮ್ಮೆಗೆ ಹೆರಿಗೆ ಮಾಡಿಸುವವನ ಹಾಗೆ.
ತಳದ ಒಂದು ಕಾಳು ತೆಗೆದು
ಬಲಗಡೆಯ ದವಡೆಗೆ ಒಗೆದು
ಕಟಕ್.
‘ಹದಿನೇಳು.’
ಹದಿನಾಲ್ಕಕ್ಕೆ ಪೂರ್ತಿ ರೇಟು. ಮೇಲಿನ ಒಂದೊಂದಕ್ಕೂ
ಕ್ವಿಂಟಲಿಗೆ ಇಷ್ಟು ಎಂದು ನಾನು ಕಳೆಯುತ್ತೇನೆ,
ಕೆಂಪು ಶಾಯಿಯಲ್ಲಿ.
ಮಾಯಕೊಂಡದ ಕಡೆಯಿಂದ ಬಂದವನು ಏನೂ ಅನ್ನುವುದಿಲ್ಲ.
ತಾನೂ ಒಂದು ಕಾಳು ಕಡಿದು ನೋಡುತ್ತಾನೆ.

ಕಾಲೇಜಿನಲ್ಲಿ ಇದಕ್ಕೊಂದು ದೊಡ್ಡ ಹೆಸರಿತ್ತು.
ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗಿಲ್ಲ, ಆ ಸಂದಿಯಲ್ಲಿ ಲಾಭ.
ಐದು ಮಾರ್ಕಿನ ಪ್ರಶ್ನೆ.
ನನಗೆ ನಾಲ್ಕೂವರೆ ಬಂದಿತ್ತು.

ಮಂಡಿಪೇಟೆಯ ಓಣಿಯೊಂದರಲ್ಲಿ ಇಮ್ತಿಯಾಜ್
ಸತ್ತ ಮೊಬೈಲುಗಳ ಹೊಟ್ಟೆ ಬಿಚ್ಚಿ ಕೂತಿದ್ದ.
‘ನೀರಿದ್ರೆ ಕರೆಂಟನ್ನ ಹಿಡ್ಕೊಳ್ತದೆ ಅಕ್ಕ,
ಒಣಗಿದ್ದು ಹಿಡ್ಕೊಳ್ಳಲ್ಲ, ಅಷ್ಟೇ ಆಟ.’
ನಮ್ಮ ಮೊದಲ ಯಂತ್ರ ಒಂದು ಸ್ಟೀಲ್ ಲೋಟ,
ಅದರೊಳಗೊಂದು ಸಣ್ಣ ಲೋಟ, ನಡುವೆ ಕಾಳು.
ಅವನ ಅಮ್ಮ ಮೂರು ದಿನ ಲೋಟ ಹುಡುಕಿದರು.

ಸಂಜೆ ಮಂಡಿ ಮುಚ್ಚಿದ ಮೇಲೆ ದುರುಗಪ್ಪ ಬರುತ್ತಿದ್ದ.
ನೂರಾ ಹನ್ನೆರಡು ಪೊಟ್ಟಣ,
ಒಂದೊಂದರ ಮೇಲೂ ಅವನ ಹಲ್ಲಿನ ಅಂಕಿ, ಲೋಟದ ಅಂಕಿ,
ಲ್ಯಾಬಿನ ಒಲೆಯಲ್ಲಿ ಒಣಗಿಸಿ ತೂಗಿದ ಅಂಕಿ.
ಹಲ್ಲೇ ಗೆದ್ದಿತು.
ಬೆಳಿಗ್ಗೆ ಸರಿ ಹೇಳುವ ಲೋಟ
ಮಧ್ಯಾಹ್ನ ಎರಡು ಹೆಚ್ಚು ಹೇಳುತ್ತಿತ್ತು.

ಹುಬ್ಬಳ್ಳಿಯಲ್ಲಿ ಹೂಡಿಕೆದಾರರ ಮುಂದೆ ಹನ್ನೆರಡು ಸ್ಲೈಡು.
ನಿಮ್ಮ ಪ್ರತಿಸ್ಪರ್ಧಿ ಯಾರು ಎಂದರು.
‘ಒಂದು ದವಡೆ’ ಎಂದೆ.
ತುಂಬಾ ನಕ್ಕರು. ಗೋಡಂಬಿ ಕೊಟ್ಟರು.
ಕೊನೆಯ ಬಸ್ಸಿನಲ್ಲಿ ಹರಿಹರದವರೆಗೂ ನಿಂತೇ ಬಂದೆ.

‘ಬಿಸಿಲಿಗೆ ಕಾದ ಕಾಳು ಸುಳ್ಳು ಹೇಳ್ತೈತೆ ಕಣವ್ವ’
ಎಂದ ದುರುಗಪ್ಪ, ಎಲೆಗೆ ಸುಣ್ಣ ಹಚ್ಚುತ್ತಾ.
‘ನಾನು ಮೊದ್ಲು ಮುಷ್ಟ್ಯಾಗ ಹಿಡಕಂತೀನಿ.
ಕೈ ಹೇಳಿದ್ದನ್ನ ಕಳದು ಆಮ್ಯಾಲೆ ಹಲ್ಲಿಗೆ ಕೊಡ್ತೀನಿ.’
ಎರಡು ವರ್ಷ ಪಕ್ಕದಲ್ಲೇ ಕೂತಿದ್ದೆ,
ಆ ಮುಷ್ಟಿಯನ್ನು ನೋಡಿಯೇ ಇರಲಿಲ್ಲ.
ನಲವತ್ತು ರೂಪಾಯಿಯ ಬಿಡಿಭಾಗ, ಮೆಂತ್ಯದಷ್ಟು,
ಲೋಟದ ತಳಕ್ಕೆ ಬೆಸೆದೆವು.
ಶಾಖ ಹೇಳುತ್ತದೆ. ನಾವು ಅದನ್ನು ಮುಷ್ಟಿ ಅಂತಲೇ ಕರೆಯುವುದು.

ಕಂಪನಿಯ ಕಾಗದದಲ್ಲಿ ಅವನ ಹೆಸರಿಗೆ
ನೂರಕ್ಕೆ ಹದಿನಾಲ್ಕು ಬರೆದು ತೋರಿಸಿದೆ.
ಬಹಳ ಹೊತ್ತು ಸುಮ್ಮನಿದ್ದ.
‘ಹದಿನಾಲ್ಕನ್ನ ಹದಿನೇಳು ಅಂದಿದೀನವ್ವ ನಾನು,
ದಲಾಲ್ರು ಕೆಮ್ಮಿದಾಗ.
ಹಲ್ಲಿಗೆ ಗೊತ್ತಿತ್ತು.’
ಆಮೇಲೆ ಲೋಟವನ್ನೆತ್ತಿ, ಕಿವಿಯ ಹತ್ತಿರ ಹಿಡಿದು ಕೇಳಿದ,
‘ಇದಕ್ಕೆ ಕೆಮ್ಮು ಕೇಳ್ಸಂಗಿಲ್ಲ ಅಲ್ಲ?’

ಎಷ್ಟು ಕೆಮ್ಮು ಕೇಳಿದ್ದೆ ನಾನು!
ಮಂಡಿಯ ಧೂಳು ಅಂದುಕೊಂಡು
ಒಮ್ಮೆ ಶುಂಠಿ ಕಷಾಯ ಕೂಡ ತಂದುಕೊಟ್ಟಿದ್ದೆ.

ಮೊದಲ ಆರ್ಡರು ಬಂದದ್ದು ಕಲ್ಲಪ್ಪ ದಲಾಲರಿಂದಲೇ, ಹತ್ತು ಯಂತ್ರ,
ಅರ್ಧ ದುಡ್ಡು ಮುಂಗಡ.
ಬೆನ್ನು ತಟ್ಟಿದರು. ನಮ್ಮ ಮಂಡಿಯ ಹುಡುಗಿ ಎಂದರು.
ಬಾಗಿಲವರೆಗೆ ಬಂದು ದನಿ ತಗ್ಗಿಸಿ
‘ಅಂಕಿ ತಿರುಗಿಸೋ ಸ್ಕ್ರೂ ಯಾವ ಕಡೆ ಇಟ್ಟೀರಿ?’

ರಾತ್ರಿ ಇಮ್ತಿಯಾಜ್ ಆ ಸ್ಕ್ರೂ ತಲೆಯ ಮೇಲೆ
ಕಪ್ಪು ಅಂಟು ಸುರಿಯುತ್ತಿದ್ದಾನೆ, ಒಂದಾದ ಮೇಲೊಂದಕ್ಕೆ.
ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕಂತೆ.
ಮುಂಗಡದ ಚೆಕ್ಕು ನನ್ನ ಕೈಯಲ್ಲೇ ಇದೆ.
ಅಂಟು ಇನ್ನೂ ಹಸಿ.