ಹತ್ತು ಅಂಕದ ಪ್ರಶ್ನೆ

ಮೂರನೇ ಮಹಡಿ, ಮಧ್ಯಾಹ್ನದ ಕ್ಲಾಸು.
ಕೆಳಗೆ ಬೆಂದೂರಿನ ರಸ್ತೆಯಲ್ಲಿ ಕಂಡಕ್ಟರನ ಸೀಟಿ.
ಮೇಲೆ ನಾವು ಹನ್ನೊಂದು ಮಂದಿ
ಲಂಡನ್ನಿನ ಒಂದು ಊಟದ ಮೇಜಿನ ಸುತ್ತ ಕೂತಿದ್ದೇವೆ,
ನೂರ ಹದಿನಾಲ್ಕನೇ ಪುಟದಲ್ಲಿ.

ಕಥಾನಾಯಕ ಹಲ್ಲಿನ ಡಾಕ್ಟರು.
ಅಂಥ ವಿಶೇಷವೇನೂ ಇಲ್ಲ: ಬೋಳುತಲೆ, ಸಾಲದ ಮನೆ,
ಶುಕ್ರವಾರ ಸಂಜೆ ತಾಯಿಗೆ ಫೋನು.
ಪಕ್ಕದ ಹೆಂಗಸು ವೈನು ಬಗ್ಗಿಸುತ್ತ
'ಯೆಹೂದಿಯೇ ನೀವು? ಹಾಗೆ ಕಾಣುವುದೇ ಇಲ್ಲವಲ್ಲ!'
ಎನ್ನುತ್ತಾಳೆ, ಹೊಗಳಿಕೆಯೆಂಬಂತೆ.
ಅವನು ನಗುತ್ತಾನೆ.
ಯಾಕೆ ನಕ್ಕೆ ಎಂದು ಮುಂದಿನ ಹದಿನೆಂಟು ಪುಟ
ತನ್ನನ್ನೇ ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆರೆಸಿ,
ದೀಪ ಹಿಡಿದು ಹುಡುಕುತ್ತಾನೆ.

'ಇದರಲ್ಲಿ ದ್ವೇಷ ಎಲ್ಲಿ ಬಂತು ಮಿಸ್?'
ಕೊನೆಯ ಬೆಂಚಿನ ನಿಶಾಂತ.
'ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ.
ಒಳ್ಳೆಯ ಊಟ ಬೇರೆ.'
ಎಲ್ಲರೂ ನಕ್ಕರು. ನಾನೂ.
ಮಿಸ್ರಿಯಾ ನಗಲಿಲ್ಲ.

ಕಳೆದ ಜೂನಿನಲ್ಲಿ ಬಾಡಿಗೆಗೆ ಕೋಣೆ ಹುಡುಕಿದವಳು.
ಫೋನಿನಲ್ಲಿ 'ಉಂಟು' ಎಂದಿದ್ದ ಕೋಣೆ
ಗೇಟಿನಲ್ಲಿ ಹೆಸರು ಹೇಳಿದ ಮೇಲೆ
ನಿನ್ನೆಯೇ ಹೋಗಿಬಿಟ್ಟಿತ್ತು.
ಮರ್ಯಾದೆಗೇನೂ ಕಡಿಮೆಯಿಲ್ಲ:
'ಬಿಸಿಲಲ್ಲಿ ಬಂದಿ ಮಗಾ, ನೀರು ಬೇಕಾ?'

ಅವಳು ಎದ್ದು ನಿಂತು, ಪುಸ್ತಕ ನೋಡದೆ, ಹೇಳಿದಳು:
'ಸಿಹಿ ಬಡಿಸುವ ಹೊತ್ತಿಗೆ
ಎಲ್ಲೋ ಒಂದು ದೇಶದ ಲೆಕ್ಕ ಇವನ ಹತ್ತಿರ ಕೇಳುತ್ತಾರೆ.
ನನ್ನ ಹತ್ತಿರವೂ ಕೇಳುತ್ತಾರೆ. ಬೇರೆ ದೇಶ, ಬೇರೆ ಲೆಕ್ಕ.'
ಸ್ವಲ್ಪ ತಡೆದು:
'ಗಾಝಾದ ಮಕ್ಕಳ ಫೋಟೋ ನೋಡಿ
ನನಗೆ ನಿದ್ದೆ ಬರುವುದಿಲ್ಲ ಮಿಸ್. ಆ ಸಿಟ್ಟು ಸಿಟ್ಟೇ.
ಅದನ್ನು ಹೊತ್ತುಕೊಂಡು ಹೋಗಿ
ಇವನ ಬಾಗಿಲಲ್ಲಿ ಇಳಿಸಲಿಕ್ಕೆ ಮಾತ್ರ ಮನಸ್ಸಾಗುವುದಿಲ್ಲ.'

ಬಾಗಿಲು ಎಂದಳಲ್ಲ.
ಇನ್ನೂರ ಎರಡನೇ ಪುಟದಲ್ಲಿ ಅವನು
ಬಾಗಿಲವಾಡಕ್ಕೆ ಬಣ್ಣ ಬಳಿಯಲೆಂದು
ಅಜ್ಜನ ಕಾಲದ ಮೆಝೂಝಾ ಬಿಚ್ಚುತ್ತಾನೆ:
ಗೇಣಿಗಿಂತ ಚಿಕ್ಕ ಡಬ್ಬಿ,
ಒಳಗೆ ಸುರುಳಿ ಸುತ್ತಿದ ದೇವರ ಮಾತು.
ಬಣ್ಣ ಒಣಗಿತು. ಅದು ಡ್ರಾಯರಿನಲ್ಲೇ ಉಳಿಯಿತು.
ಎರಡು ಮೊಳೆಯ ತೂತು,
ಎಷ್ಟು ಬಳಿದರೂ ಬೆರಳಿಗೆ ತಾಗುತ್ತವೆ.

ನನ್ನ ಬಾಗಿಲ ಮೇಲೆ ಶಿಲುಬೆ ಉಂಟು,
ಗರಿಗಳ ಭಾನುವಾರದ್ದು, ಒಣಗಿದ ತೆಂಗಿನ ಗರಿಯದ್ದು.
ಅಂಥದೇ ಒಂದರ ಕೆಳಗೆ ನಿಂತು ಸೆವ್ರಿನಜ್ಜಿ
ಅಳತೆಯಲ್ಲಿ ಮೋಸ ಮಾಡಿದ ಮೀನಿನವನಿಗೆ
'ಜುದೆವ್!' ಎಂದು ಉಗಿಯುತ್ತಿದ್ದಳು.
ಅವಳು ಯೆಹೂದಿಯನ್ನು ನೋಡಿದವಳಲ್ಲ. ಮೀನಿನವನೂ.
ನೋಡಿದ್ದೆಲ್ಲ ಇಗರ್ಜಿಯ ಗೋಡೆಯಲ್ಲಿ,
ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳಲ್ಲಿ,
ಸುತ್ತ ನಿಂತು ಹಲ್ಲು ಕಿರಿಯುವ ಮುಖಗಳು.
ನಡುವೆ ಹೊರೆ ಹೊತ್ತವನೂ ಅದೇ ಜಾತಿಯವನೆಂದು
ಯಾರೂ ಅವಳಿಗೆ ಹೇಳಿರಲಿಲ್ಲ.

ಗೋವೆಯ ಪಾದ್ರಿಗಳ ಕೋರ್ಟಿಗೆ, ಅದರ ಬೆಂಕಿಗೆ ಹೆದರಿ
ದೋಣಿ ಹತ್ತಿದವರಂತೆ ನಮ್ಮ ಹಿರಿಯರು.
ಮನೆಯಲ್ಲಿ ಹಾಗೆ ಹೇಳುತ್ತಾರೆ.
ಶುಕ್ರವಾರ ದೀಪ ಹಚ್ಚಿದ ತಪ್ಪಿಗೆ
ಅದೇ ಬೆಂಕಿಯಲ್ಲಿ ಬೆಂದವರೂ ಇದ್ದರು.
ಗದ್ದೆ, ಜಾಡಿ, ಅರ್ಧ ನೇಯ್ದ ಚಾಪೆ, ಎಲ್ಲ ಬಿಟ್ಟು ಬಂದರು,
ಬೆಂಕಿ ಹಚ್ಚಿದವರ ಬೈಗುಳವೊಂದನ್ನು
ಮಡಿಲಲ್ಲಿ ಕಟ್ಟಿಕೊಂಡು.

ರಾತ್ರಿ ತಂಗಿಗೆ ಫೋನು ಮಾಡಿದೆ, ಮಸ್ಕತ್ತಿಗೆ.
'ಕ್ರಿಸ್ಮಸ್ಸಿನ ನೆವ್ರಿ ಅಡಗಿಸಿ ಇಟ್ಟಿದ್ದಿ, ನೆನಪುಂಟಾ?
ಅಕ್ಕಿ ಡಬ್ಬದೊಳಗೆ?'
'ಉಂಟು ಮಾರಾಯ್ತಿ, ಏಳು ನೆವ್ರಿ! ಇರುವೆ ಮುತ್ತಿತ್ತು.'
'ನಾನು ಏನೋ ಕೂಗಿದ್ದೆ ನಿನಗೆ.'
'ಏನು?'
ಅವಳಿಗೆ ಇರುವೆ ನೆನಪಿತ್ತು.
ನನಗೆ, ಅಜ್ಜಿ ನಕ್ಕದ್ದು.

ಈಗ ಪ್ರಶ್ನೆಪತ್ರಿಕೆ.
'ಊಟದ ಮೇಜಿನಲ್ಲಿ ನಾಯಕನು ನಕ್ಕದ್ದೇಕೆ? ಚರ್ಚಿಸಿರಿ.'
ಮಾದರಿ ಉತ್ತರವನ್ನೂ ಲಕೋಟೆಯಲ್ಲಿ ಕಳಿಸಬೇಕಂತೆ.
ಎರಡು ಸಾಲು ಬರೆದೆ. ಅಳಿಸಿದೆ.
ಕರೆಂಟು ಹೋಯಿತು, ಬಂತು.
ನಾಲಗೆ ತನ್ನಷ್ಟಕ್ಕೆ ಹೋಗಿ
ಹಿಂದಿನ ಒಂದು ಹುಳುಕು ಹಲ್ಲನ್ನು ಮುಟ್ಟಿ ಮುಟ್ಟಿ ಬರುತ್ತಿದೆ,
ಎಷ್ಟೋ ವರ್ಷದಿಂದ ದಾರಿ ಗೊತ್ತಿರುವ ಹಾಗೆ.