ಗಾಲಿ ದೂಡಿದವನ ಲೆಕ್ಕ

ಕುಂದ್ರು ತಮ್ಮಾ, ಸರಪಳಿ ಕೆಳಗಿಡು.
ಬಬಲೇಶ್ವರದಿಂದ ಸಾರವಾಡದ ತನಕ
ನೆಲ ಉದ್ದ, ಹಳೇ ನಕಾಶಿ ಗಿಡ್ಡ ಅಂದ್ಯಲ್ಲ,
ಅದರ ಸುದ್ದಿ ನನ್ನ ಕಡೆ ಐತಿ.

ಸಾತಾರಿ ಗಾದಿಗೆ ಮಗ ಇಲ್ಲದ ವರುಷ
ಕೃಷ್ಣಿ ಆಚಿ ದಂಡಿ ಕಂಪನಿ ಪಾಲಾತು.
ನಮಗ ಗೊತ್ತಾಗಿದ್ದು ಹೆಂಗಂದ್ರ
ಕಲಾದಗಿ ಛಾವಣಿಯೊಳಗ ಮೂರು ದಿನ
ಹೇಸರಗತ್ತಿಗೆ ಲಾಳ ಹೊಡಿಯೂ ಸಪ್ಪಳ ನಿಲ್ಲಲಿಲ್ಲ.

ಹದಿನೆಂಟು ಮಂದಿ ಹೊಂಟ್ವಿ.
ಹಿತ್ತಾಳಿ ದುರ್ಬೀನು ಲಾಡಸಾಬನ ಎದಿಯೊಳಗ,
ಬಾಣಂತಿ ಕೂಸಿನಂಗ.
ನಿಶಾನಿ ಹಿಡದಾಂವ ಬೀಳಗಿ ದುರಗ,
ಬರಿಯಾಂವ ತ್ರಿಂಬಕ ಕುಲಕರ್ಣಿ,
ಮುಂದ ಕುದರಿ ಮ್ಯಾಲ ಪೇನರಾಸ ಸಾಹೇಬ,
ಮೂಗು ಬಿಸಲಿಗೆ ಸುಲದ ಗಜ್ಜರಿ.
ಎಲ್ಲಾರ ಹಿಂದ ನಾ, ಗದಿಗೆಪ್ಪ,
ಒಂಟಿ ಗಾಲಿ ದೂಡಿಕೋತ.

ಹೌದು, ಒಂದ ಗಾಲಿ. ಎತ್ತಿಲ್ಲ, ನೊಗ ಇಲ್ಲ, ಹೇರಿಲ್ಲ.
"ಯಾರ ಬಂಡಿ ಮುರದು ತಂದೀಯೋ ಕಾಕಾ?"
ಊರೂರಿಗೆ ಹುಡುಗರು ಬೆನ್ನ ಹತ್ತತಿದ್ರು.
ಅದರ ಗುಂಬದಾಗ ಹಲ್ಲು, ಇಷ್ಟು ಸುತ್ತಿಗೆ ಒಂದು ಗಂಟಿ.
ಗಂಟಿ ಹೊಡೀತಂದ್ರ ಕುಲಕರ್ಣಿ ಒಂದು ಗೀಟು ಎಳಿಯಾಂವ,
ನಾ ಹಗ್ಗಕ್ಕ ಒಂದು ಗಂಟು ಹಾಕಾಂವ.
ಆ ಹಗ್ಗ ಇನ್ನೂ ಐತಿ. ಒಳಗ, ಗೂಟಕ್ಕ.

ಗಲಗಲಿಯೊಳಗ ಹರಗೋಲು ಹೊಳ್ಳಿತು.
ಮಂದಿ ಉಳದ್ವಿ, ಮಸಿ ಸೀಸೆ ಹೋದುವು.
ಕುಲಕರ್ಣಿ ಮನಿಮನಿ ಅಡ್ಡಾಡಿ
ದೀಪದ ಮಾಡಿನ ಕಾಡಿಗಿ ಕೆರಕೊಂಡು ಬಂದು
ಜಾಲಿ ಅಂಟಿನ್ಯಾಗ ಅರದ.
ಹೊಳಿ ಆಚಿ ಮುಲಕನೆಲ್ಲ ಬರದದ್ದು
ಗಲಗಲಿ ಹೆಂಗಸರ ದೀಪದ ಮಸಿಲೆ.
ಕಂಪನಿಗೆ ಇದು ಗೊತ್ತಿಲ್ಲ.

ಆಚಿ ಗುಡ್ಡಿಲ್ಲ, ಗಿಡ ಇಲ್ಲ,
ದುರ್ಬೀನು ಪಾಪ, ಏನ ನೋಡಬೇಕು?
"ಈ ಬಯಲಿನ ಕಡಿ ಎಲ್ಲಿ?" ಕೇಳಿದ ಸಾಹೇಬ.
"ಹುಜೂರ, ಕಣ್ಣು ಮುಗದಲ್ಲಿ" ಅಂದ ಲಾಡಸಾಬ.
ಅದನ್ನೂ ಬರಸಿದ.

ಬಬಲೇಶ್ವರ ದಾಟಿದ ಮರುದಿನ ಉತ್ತರಿ ಮಳಿ.
ಎರಿ ಗೊತ್ತಲ್ಲ ನಿನಗ?
ಒಣಗಿದ್ರ ಕಾಲು ನುಂಗತೈತಿ, ಹಸ್ಯಾದ್ರ ಕಾಲು ಬಿಡೂದಿಲ್ಲ.
ಗಾಲಿಗೆ ಹತ್ತಿತು. ಒಂದು ಬೆರಳು. ಎರಡು. ಮೂರು.
ಗಾಲಿ ದಪ್ಪಾದ್ರ ಸುತ್ತು ಕಡಿಮಿ,
ಸುತ್ತು ಕಡಿಮ್ಯಾದ್ರ ಗಂಟಿ ಕಡಿಮಿ.
ನಾ ಓದಿದಾಂವಲ್ಲ, ಆದ್ರ ತೋಳಿಗೆ ತಿಳೀತಿತ್ತು:
ಇಷ್ಟೊತ್ತಿಗೆ ಹೊಡೀಬೇಕಿತ್ತು, ಹೊಡೀವಲ್ದು.
ಕುಲಕರ್ಣಿಗೆ ಅಂದೆ. ಛತ್ರಿಯೊಳಗಿಂದ ಅಂದ,
"ಯಂತ್ರಕ್ಕ ನಿನಗಿಂತ ಬುದ್ಧಿ ಐತಿ ಗದಿಗ್ಯಾ, ದೂಡು."

ದೂಡಿದೆ.

ಆ ಎರಡು ಗಂಟಿ ನಡುವ
ನಮ್ಮಕ್ಕ ನೀಲವ್ವನ ಹೊಲ ಇತ್ತು ತಮ್ಮಾ.
ಬದುವಿನ ಮ್ಯಾಲ ನಿಂತಿದ್ಲು, ತಲಿಗೆ ಚೀಲದ ಕೊಪ್ಪಿ.
ಗುರುತ ಹಿಡದ್ಲು. ಕರೀಲಿಲ್ಲ.
ಸರಕಾರದ ಸಂಗಾಟ ಬಂದ ತಮ್ಮನ್ನ
ಹೆಂಗ ಕರೀಬೇಕು, ತಿಳೀಲಿಲ್ಲೇನೋ.
ಗಾಲಿ ಅಕಿ ಹೊಲದ ಅಂಚಿಗುಂಟ ಹೋತು.
ಗಂಟಿ ಹೊಡೀಲಿಲ್ಲ.
ಮತ್ತೊಮ್ಮೆ ಹೇಳಬಹುದಿತ್ತು ಕುಲಕರ್ಣಿಗೆ.
ನಾನೂ ಬಾಯಿ ಬಿಡಲಿಲ್ಲ.

ಸಂಜೀಕ ಸಾರವಾಡದಾಗ ಡೇರೆ.
ಸಾಹೇಬ ಡೋಣಿ ನೀರು ಬಾಯಿಗೆ ಹಾಕಿ ಉಗಳಿದ,
"ಉಪ್ಪು, ಉಪಯೋಗಿಲ್ಲ" ಅಂತ ಬರಸಿದ.
ಡೋಣಿ ಹರಿದ್ರ ಓಣಿಗೆಲ್ಲ ಜ್ವಾಳ ಅನ್ನೂ ಮಾತು
ಅಂವ ಕೇಳಲಿಲ್ಲ, ನಾವು ಹೇಳಲಿಲ್ಲ.
ಕುಡಗೋಲಿಲೆ ಗಾಲಿ ಕೆರದೆ.
ಒಂದು ಬುಟ್ಟಿ ಮಣ್ಣು, ಯಾರ್ಯಾರ ಹೊಲದ್ದೋ,
ಅದರಾಗ ನೆನದ ಜ್ವಾಳದ ಕಾಳು ಆರೇಳು.
ಒಂದನ್ನ ಬಾಯಿಗೆ ಹಾಕ್ಕೊಂಡೆ. ಉಳದದ್ದು
ಡೇರೆ ಹಿಂದ ಊರಿ ಬಂದೆ.

ಈಗ ನೀ ಸರಪಳಿ ತಂದೀದಿ.
ಸರಪಳಿ ಉದ್ದ ಮಣ್ಣಿಗೆ ಹೆಚ್ಚು ಕಡಿಮಿ ಆಗೂದಿಲ್ಲ ಅಂತಿ.
ಇರಬಹುದು.
ಅಲ್ನೋಡು, ಮೂಡಲಕ ಮೋಡ.